ಲಾವೋತ್ಸು ಮತ್ತು ಅವ್ವನ ಪಟಗಳು

“ಈ ಬಿಳಿ ಗಡ್ಡದ ಅಜ್ಜ ಯಾರು?” ಎಂದು ಕೇಳಿಯೇಬಿಟ್ಟೆ. ಅಮೆರಿಕದ ಮೆಟುಚೆನ್‌ ಊರಿನಲ್ಲಿ ನನ್ನ ಬ್ಲೌಸುಗಳನ್ನು ಸಡಿಲ ಮಾಡಿಕೊಡುವ ವಿಯೆಟ್ನಾಮಿನ ಹಿರಿಯಾಕೆ ಲಾನ್ ಅವರ ಅಂಗಡಿಯಲ್ಲಿ, ಹೊಲಿಗೆ ಯಂತ್ರದ ಮೇಲ್ಗಡೆ ಒಂದು ಹಳೆಯ ಪಟವಿತ್ತು. ಅದರಲ್ಲಿ ಬುದ್ಧ, ಏಸು, ಜೊತೆಗೆ ಈ ಅಜ್ಜ.

“ಲಾವೋತ್ಸು. ಚೀನಾದ ಗುರು,” ಎಂದರು.

“ನೀವು ವಿಯೆಟ್ನಾಮಿನವರಲ್ವಾ?”

ಲಾನ್ ಕತ್ತರಿ ಕೆಳಗಿಟ್ಟರು. ಅವರ ಕಾವೊದಾಯ್ ಧರ್ಮ ಹುಟ್ಟಿ ಸುಮಾರು ನೂರು ವರ್ಷವಷ್ಟೇ ಆಯಿತಂತೆ. ಒಬ್ಬನೇ ದೇವರು ನಾಡುನಾಡಿಗೂ ಗುರುಗಳನ್ನು ಕಳಿಸಿದ್ದಾನೆಂದು ಅದರ ಹಿರಿಯರು ನಂಬಿದರು. ವಿಯೆಟ್ನಾಮಿನ ಜನ ಮೊದಲಿನಿಂದಲೂ ಗೌರವಿಸುತ್ತಿದ್ದ ಲಾವೋತ್ಸು ಕೂಡ ಹೀಗೆಯೇ ಬುದ್ಧ, ಏಸುವಿನ ಜೊತೆ ಪೂಜೆಗೆ ಬಂದ.

“ದೇಶ ಬಿಟ್ಟು ದೋಣಿ ಹತ್ತುವಾಗ ನಮ್ಮಮ್ಮ ಬಟ್ಟೆ ಗಂಟು ಬಿಟ್ಟು ಈ ಪಟ ಎತ್ತಿಕೊಂಡಳು,” ಎಂದರು.

ನಾನು ಮತ್ತೊಮ್ಮೆ ಆ ಪಟದತ್ತ ನೋಡಿದೆ. ಧಾರವಾಡದಲ್ಲಿ ನಮ್ಮವ್ವನ ದೇವರ ಜಗಲಿಯ ಮೇಲೂ ಗಣಪನ ಪಕ್ಕ ಕ್ಯಾಲೆಂಡರಿನಿಂದ ಕತ್ತರಿಸಿದ ಬುದ್ಧನಿದ್ದ, ಗೆಳತಿ ಕೊಟ್ಟ ಏಸುವಿದ್ದ. ಮೂವರಿಗೂ ದಿನಾ ಒಂದೊಂದು ದಾಸವಾಳ. ಅವ್ವ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ನಾನು ಬೆಳ್ಳಿ ದೀಪಗಳನ್ನಷ್ಟೇ ಸೂಟ್‌ಕೇಸಿಗೆ ಹಾಕಿಕೊಂಡು ಬಂದಿದ್ದೆ.

ಹೊರಬಂದವಳೇ ಕಾರಿನಲ್ಲಿ ಕೂತು ಹುಬ್ಬಳ್ಳಿಯ ತಂಗಿಗೆ ಫೋನ್ ಮಾಡಿ, ಅವ್ವನ ಪಟಗಳು ಏನಾದವೆಂದು ಕೇಳಿದೆ.

“ಪಟ ಎಲ್ಲಾ ನಾನ ಇಟ್ಕೊಂಡೇನಿ. ಒಂದಿನ ನೀ ಕೇಳ್ತಿ ಅಂತ ಗೊತ್ತಿತ್ತಕ್ಕಾ,” ಎಂದಳು.

ತಂಗಿ ಕಳಿಸಿದ ಅವ್ವನ ಬುದ್ಧ ಈಗ ಮೆಟುಚೆನ್‌ಗೆ ಹತ್ತಿರದ ಹಿಲ್ಸ್‌ಬರೋದ ನಮ್ಮ ಮನೆಯಲ್ಲಿದ್ದಾನೆ. ಹಣೆಯ ಮೇಲೆ ಅವ್ವ ಬೆರಳಲ್ಲಿ ಹಚ್ಚಿದ ಕುಂಕುಮ ಹಾಗೆಯೇ ಇದೆ. ಒರೆಸಲು ನನಗೆ ಮನಸ್ಸಾಗಿಲ್ಲ.