ಮಲ್ಲಿಕಸಾಬರ ಕೆಂಪು

ರಾಣೆಬೆನ್ನೂರಿನ ಹಲಗೇರಿ ರಸ್ತೆಯಲ್ಲಿ ಮಲ್ಲಿಕಸಾಬರದೊಂದು ತಗಡಿನ ಶೆಡ್ಡಿದೆ. ನಲವತ್ತು ವರ್ಷಗಳಿಂದ ಅವರು ಅಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುತ್ತಿದ್ದಾರೆ. ಲಾರಿ, ಟ್ರ್ಯಾಕ್ಟರು, ಟಂಟಂ, ಶಾಲೆಯ ವ್ಯಾನು, ಯಾವುದು ಬಂದರೂ ಇಲ್ಲವೆಂದವರಲ್ಲ. ಯಾರಾದರೂ ಕೆಂಪು ಬಣ್ಣ ಕೇಳಿದರೆ ಮಾತ್ರ, "ಕೆಂಪು ಖಾಲಿ ಆಗೇತ್ರಿ" ಎನ್ನುತ್ತಿದ್ದರು. ಬೆನ್ನ ಹಿಂದಿನ ಹಲಗೆಯ ಮೇಲೆ ಕೆಂಪು ಡಬ್ಬಿ ಎದ್ದು ಕಾಣುತ್ತಿದ್ದರೂ ಉತ್ತರ ಅದೇ. "ಹಂಗಾದ್ರ ಅದೇನ್ರಿ?" ಎಂದು ಕೇಳಿದವರಿಗೆ, "ಡಬ್ಬಿ ಅಷ್ಟ ಕೆಂಪೈತ್ರಿ, ಒಳಗ ಹಸರು" ಎಂದುಬಿಡುತ್ತಿದ್ದರು.

ಇದಕ್ಕೆ ಕಾರಣ ಕುಪ್ಪೇಲೂರಿನ ಅಂದಾನೆಪ್ಪನ ಬಸ್ಸು. ಇಪ್ಪತ್ತೆರಡು ವರ್ಷಗಳ ಹಿಂದೆ ಯುಗಾದಿಗೆ ಅದಕ್ಕೆ ಸಾಬರು ಕಡುಗೆಂಪು ಬಳಿದಿದ್ದರು. ಮೃಗಶಿರ ಮಳೆ ಬೀಳುವಷ್ಟರಲ್ಲಿ ಬಸ್ಸು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಸ್ಟ್ಯಾಂಡಿನಲ್ಲಿ ಜನ "ಗುಲಾಬಿ ಹೋತೇನ್ರಿ? ಮತ್ತ ಯಾವಾಗ ಬರ್ತಾಳ?" ಎಂದು ಕೇಳತೊಡಗಿದರು. ಅಂದಾನೆಪ್ಪ ಜಗಳವಾಡಿದ್ದರೆ ಸಾಬರು ಸಹಿಸುತ್ತಿದ್ದರೇನೋ. ಆತ ಮಾತ್ರ ಸಂತೆಯಲ್ಲಿ ಸಿಕ್ಕಾಗಲೆಲ್ಲ ಒಂದು ಗುಲಾಬಿ ಹೂ ಕೈಯಲ್ಲಿಟ್ಟು ನಮಸ್ಕಾರ ಮಾಡಿ ಹೋಗುತ್ತಿದ್ದ.

ಈ ಕಥೆ ನಮಗೆ ಗೊತ್ತಿರಲಿಲ್ಲ. ನನ್ನ ಗಂಡ ಹೇಮಂತ ಬೀಜದ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಾನೆ. ಊರೂರು ತಿರುಗುವುದು ಸಾಲದೆಂದು ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು, ಸೀಟು ಕಿತ್ತು, ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿ ಮನೆಗಾಡಿ ಮಾಡಿದ. ಒಲೆಯ ಪಕ್ಕದಲ್ಲೇ ಪರದೆ ಇರುವುದನ್ನು ನೆನೆದು ನಾನು ಎರಡು ವಾರ ನಿದ್ದೆಗೆಟ್ಟೆ. ಅದು ಬೇರೆ ಮಾತು. ಬಣ್ಣಕ್ಕೆಂದು ಸಾಬರ ಶೆಡ್ಡಿಗೆ ಹೋದಾಗ ನಮ್ಮ ಮಗಳು ಹರಿಪ್ರಿಯಾಗೆ ಮೂರು ವರ್ಷ. ನಮ್ಮೂರು ಬ್ಯಾಡಗಿಯಲ್ಲಿ ಹುಟ್ಟಿದ ಕೂಸು. ಯಾವ ಬಣ್ಣ ಬೇಕವ್ವಾ ಎಂದು ಸಾಬರು ಕೇಳಿದರೆ "ಮೆಣಸಿನಕಾಯಿ ಬಣ್ಣ" ಎಂದಳು.

"ಅದು ಖಾಲಿ ಆಗೇತವ್ವಾ."

"ಅಲ್ಲೇ ಅದ ಅಲ್ಲಜ್ಜಾ," ಎಂದು ಬೆರಳು ಮಾಡಿದಳು.

ದೊಡ್ಡವರಿಗೆ ಹೇಳುತ್ತಿದ್ದ 'ಒಳಗ ಹಸರು' ಎಂಬ ಸುಳ್ಳನ್ನು ಕೂಸಿಗೆ ಹೇಳಲು ಬಾಯಿ ಬರಲಿಲ್ಲವೇನೋ. ಸಾಬರು ಹಲಗೆಯಿಂದ ಡಬ್ಬಿ ಇಳಿಸಿ, ತೊಡೆಯ ಮೇಲಿಟ್ಟುಕೊಂಡು ಧೂಳು ಒರೆಸಿದರು. ಆಮೇಲೆ ಎದ್ದು, ಯಾರೂ ಕೇಳದಿದ್ದರೂ ಒಂದು ಪಣ ತೊಟ್ಟರು. "ಹೊಡೀತೇನಿ. ಆದ್ರ ಎರಡನೇ ಬ್ಯಾಸಗಿ ಮುಗಿಯೂದ್ರಾಗ ಈ ಕೆಂಪು ಬಿಸಲಿಗೆ ಹೋತಂದ್ರ, ನಾ ಬ್ರಷ್ ಕೆಳಗ ಇಟ್ಟು ಮನೀಗೆ ಹೋಗಾಂವ."

"ಇಷ್ಟೆಲ್ಲ ಯಾಕ ಸಾಬರ? ಹೋದ್ರ ಹೋತು," ಎಂದ ಹೇಮಂತ.

"ನಿಮಗ ಹೋದ್ರ ಹೋತ್ರಿ. ಹೂವು ಬರೋದು ನನಗ!"

ಕೆಂಪಿನ ಮೇಲೆ ಗಾಜಿನಂಥ ಲೇಪ ಮೂರು ಸಲ ಕೊಟ್ಟರು. ಗಾಡಿ ಒಪ್ಪಿಸುವಾಗ, ಹೆಣ್ಣು ಕೊಟ್ಟ ತಂದೆಯ ಹಾಗೆ ಅರ್ಧ ಗಂಟೆ ಬುದ್ಧಿ ಹೇಳಿದರು. ನೆರಳಲ್ಲಿ ನಿಲ್ಲಿಸಬೇಕು, ಆದರೆ ಹಕ್ಕಿ ಕೂರುವ ಮರದ ಕೆಳಗಲ್ಲ. ಹಿಕ್ಕೆ ಬಿದ್ದರೆ ಅಂದೇ ಒದ್ದೆ ಬಟ್ಟೆಯಿಂದ ತೆಗೆಯಬೇಕು. ಒಣ ಬಟ್ಟೆಯಲ್ಲಿ ಧೂಳು ಒರೆಸಿದರೆ ಅದು ಉಸುಕಿನಲ್ಲಿ ತಿಕ್ಕಿದ ಹಾಗೆ. ಭಾಂಡೆ ತೊಳೆಯುವ ಸಾಬೂನು ಗಾಡಿಯ ಹತ್ತಿರ ಸುಳಿಯಬಾರದು. ಮೂರು ತಿಂಗಳಿಗೊಮ್ಮೆ ಮೇಣದ ಪಾಲಿಶ್. ನಾನು ಪೇಟೆಯಿಂದ ತರಿಸಿದ್ದ ಪ್ಲಾಸ್ಟಿಕ್ ಹೊದಿಕೆಯನ್ನು ಮುಟ್ಟಿ ನೋಡಿ, "ಇದು ಗಾಳಿಗೆ ಪಟಪಟ ಬಡದು ಮೈ ಕೆರೀತೈತ್ರಿ. ಕಟ್ಟೂದಿದ್ರ ಬಿಗಿಯಾಗಿ ಕಟ್ರಿ, ಇಲ್ಲಾ ಬಿಡ್ರಿ," ಎಂದರು.

ಸಾಬರ ಬಾಯಲ್ಲಿ ಗಾಡಿಗೆ ಬಾನೆಟ್ಟು, ಮಡ್‌ಗಾರ್ಡು ಇರುವುದಿಲ್ಲ. ಹಣೆ, ಗಲ್ಲ, ತುಟಿ ಇರುತ್ತವೆ. ಚಾವಣಿ ಎಂದರೆ ನೆತ್ತಿ. ನಮ್ಮ ಗಾಡಿಯನ್ನಂತೂ ಅವರು ಕೂಸು ಎಂದೇ ಕರೆಯುತ್ತಿದ್ದರು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ದಿನ ಲಾರಿಗಳ ನಂಬರು ಬರೆಯಲು ಬಂದಾಗಲೆಲ್ಲ ನಮ್ಮ ಮನೆಗೆ ಬಂದು, ಬೆರಳ ಹಿಂಬದಿಯಿಂದ ಗಾಡಿಯ ಹಣೆ ಮುಟ್ಟಿ ನೋಡಿ, "ಕಾವು ಐತ್ರಿ" ಎಂದು ಮುಖ ಸಣ್ಣದು ಮಾಡುತ್ತಿದ್ದರು. ಹರಿಪ್ರಿಯಾಳ ಹಣೆಯನ್ನು ನಾನು ದಿನಕ್ಕೆ ಹತ್ತು ಸಲ ಮುಟ್ಟುವುದೂ ಹಾಗೆಯೇ. ಸಾಬರು ಬಂದರೆ ಚಹಾ ಕುಡಿಯುತ್ತ ನಾವಿಬ್ಬರೂ ಜ್ವರ, ಬಿಸಿಲು, ಧೂಳಿನ ಬಗ್ಗೆ ಸಂಕಟ ಹಂಚಿಕೊಳ್ಳುತ್ತಿದ್ದೆವು. "ಗಂಡಗ ತಕ್ಕ ಹೆಂಡತಿ ಅಂತಾರ. ನನ್ನ ಹೆಂಡತಿಗೆ ತಕ್ಕವರು ರಾಣೆಬೆನ್ನೂರಾಗ ಬಣ್ಣಾ ಹೊಡ್ಯಾಕತ್ತಾರ," ಎಂದು ಹೇಮಂತ ನಗುತ್ತಿದ್ದ.

ಮೊದಲ ಬೇಸಿಗೆಯನ್ನು ಕೆಂಪು ಗೆದ್ದಿತು. ಎರಡನೆಯ ಬೇಸಿಗೆಯಲ್ಲಿ ವಿಚಿತ್ರವೊಂದು ಶುರುವಾಯಿತು. ಬೇವಿನ ಮರದ ನೆರಳಿನಲ್ಲಿ ನಿಲ್ಲಿಸಿದ ಗಾಡಿ ಸಾಬರು ಬರುವ ಹೊತ್ತಿಗೆ ಬಿಸಿಲಲ್ಲಿರುತ್ತಿತ್ತು. ವಿಚಾರಿಸಿದರೆ ಹೇಮಂತ, "ಅವ್ವ ಹೇಳ್ಯಾಳ. ಆಕೀಗೆ ನೆರಳಾಗ ಕೂಡೂಕ ಜಾಗಾ ಬೇಕಂತ," ಎಂದ. ಅತ್ತೆ ನಲಿನಿಬಾಯಿಯವರಿಗೆ ಅರವತ್ತಾರು. ಮೊಣಕಾಲು ನೋವು, ಗುಡಿಯ ಮೂರು ಮೆಟ್ಟಿಲು ಹತ್ತಲೂ ನನ್ನ ಹೆಗಲು ಬೇಕು. ಅಂಥವರಿಗೆ ನೆರಳು ಬೇಡವೆನ್ನುವುದು ಹೇಗೆ? ಸಾಬರು ಗಾಡಿಗೊಂದು ಸುತ್ತು ಹಾಕಿ ಹೋಗುತ್ತಿದ್ದರು.

ಏಪ್ರಿಲ್‌ನ ಒಂದು ಗುರುವಾರ, ಮಧ್ಯಾಹ್ನ ಹನ್ನೆರಡೂವರೆ. ನಾನು ಹಾವೇರಿಯಲ್ಲಿ, ಕೆಲಸ ಮಾಡುವ ಬ್ಯಾಂಕಿನಲ್ಲಿದ್ದೆ. ಸಾಬರ ಫೋನು ಬಂತು.

"ಅಕ್ಕಾರ, ಲಗೂ ಬರ್ರಿ. ಕೂಸಿನ ನೆತ್ತಿಗೆ ಬಿಸಲು ಬಡದೈತಿ. ನೆತ್ತಿ ಪೂರಾ ಬೆಳ್ಳಗ ಆಗೇತಿ. ನನಗ ಕೈಕಾಲು ಆಡವಲ್ವು."

ಫೋನು ಕಟ್ಟಾಯಿತು. ಸಾಬರ ಭಾಷೆ ಒಂದೂವರೆ ವರ್ಷದಿಂದ ನನಗೆ ಗೊತ್ತಿತ್ತು, ನಿಜ. ಆದರೆ ಆ ಕ್ಷಣಕ್ಕೆ ನನಗೆ ಈ ಲೋಕದಲ್ಲಿ ಇದ್ದದ್ದು ಒಂದೇ ಕೂಸು. ಮನೆಗೆ ಫೋನು ಮಾಡಿದರೆ ಅತ್ತೆ ಎತ್ತಲಿಲ್ಲ. ಸಾಬರೂ ಎತ್ತಲಿಲ್ಲ. ಮ್ಯಾನೇಜರಿಗೆ ಏನೋ ಹೇಳಿ, ಔಷಧಿ ಅಂಗಡಿಯಲ್ಲಿ ಓಆರ್‌ಎಸ್ ಪೊಟ್ಟಣ ಆರು ತೆಗೆದುಕೊಂಡು ಬ್ಯಾಡಗಿ ಬಸ್ಸಿಗೆ ಹಾರಿದೆ.

ಕಂಡಕ್ಟರನಿಗೆ, "ಮಗೂಗೆ ಬಿಸಿಲು ಬಡಿದಿದೆ, ಸ್ವಲ್ಪ ಬೇಗ ಬಿಡಿಸಿ" ಎಂದದ್ದೇ ತಪ್ಪಾಯಿತು. ಬಸ್ಸಿಗೆ ಬಸ್ಸೇ ವೈದ್ಯರಾಯಿತು. ಒಬ್ಬರು ಹುಣಸೇಹಣ್ಣಿನ ಪಾನಕ ಎಂದರು, ಒಬ್ಬರು ಹೊಟ್ಟೆಯ ಮೇಲೆ ಒದ್ದೆ ಬಟ್ಟೆ ಎಂದರು. ಪಕ್ಕದಲ್ಲಿದ್ದ ಉಚ್ಚಂಗೆವ್ವ ಎಂಬ ಮುದುಕಿ ತನ್ನ ಚೀಲದಿಂದ ದೊಡ್ಡದೊಂದು ಉಳ್ಳಾಗಡ್ಡಿ ತೆಗೆದು ನನ್ನ ಕೈಯಲ್ಲಿಟ್ಟಳು.

"ಅಂಗಾಲಿಗೆ ತಿಕ್ಕಬೇ ತಂಗಿ. ಮಾತಾಡಿಸ್ಕೋತ ಕೂಡಬ್ಯಾಡ, ಹೋದಾಕಿನ ತಿಕ್ಕು."

ಹೋದವಳೇ ತಿಕ್ಕಿದೆ. ಅಂಗಳದ ಕಟ್ಟೆಯ ಮೇಲೆ ಕುಳಿತು ಮಂಡಕ್ಕಿ ತಿನ್ನುತ್ತಿದ್ದ ಹರಿಪ್ರಿಯಾಳ ಎರಡೂ ಕಾಲು ಹಿಡಿದು, ಉಳ್ಳಾಗಡ್ಡಿಯನ್ನು ಹಲ್ಲಿನಲ್ಲೇ ಕಚ್ಚಿ ಹೋಳು ಮಾಡಿ ತಿಕ್ಕಿದೆ. ಅವಳು ಮೂಗು ಮುಚ್ಚಿಕೊಂಡು, "ಅಮ್ಮಾ, ನಾಷ್ಟಾದ ವಾಸನಿ ಬರ್ತದ" ಎಂದಳು. ಹಣೆ ಮುಟ್ಟಿದರೆ ತಣ್ಣಗಿತ್ತು. ನೆತ್ತಿ ನೋಡಿದರೆ ಎಂದಿನಂತೆ ಕಪ್ಪು ಗುಂಗುರು ಕೂದಲು.

"ಸಾಬರೇ! ಯಾವ ಕೂಸು?" ಎಂದು ಕೂಗಿದೆ.

"ನಮ್ಮ ಕೂಸರೀ!" ಎಂದು ಆಕಾಶದಿಂದ ಉತ್ತರ ಬಂತು.

ಸಾಬರು ಬಿಸಿಲಲ್ಲಿ ನಿಂತ ಮನೆಗಾಡಿಯ ಚಾವಣಿಯ ಮೇಲೆ ತಲೆಗೆ ಕೈ ಹೊತ್ತು ಕುಳಿತಿದ್ದರು. ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹರಿಪ್ರಿಯಾ ನನ್ನ ಕೈ ಜಾರಿಸಿಕೊಂಡು ಗಾಡಿಯ ಹಿಂದಿನ ಕಬ್ಬಿಣದ ಏಣಿಯನ್ನು, ಎಷ್ಟೋ ಸಲ ಹತ್ತಿದವಳಂತೆ, ಸರಸರನೆ ಏರಿಬಿಟ್ಟಳು. ಅವಳ ಹಿಂದೆ ಸೀರೆಯ ನೆರಿಗೆ ಎತ್ತಿಕಟ್ಟಿ ನಾನೂ ಏರಿದೆ.

ಮೇಲೆ ನೋಡಿದರೆ ಸಾಬರ ದುಃಖ ಸುಳ್ಳಲ್ಲ. ನಡುವಿನ ಜಾಗವೆಲ್ಲ ಬೂದಿ ಬಡಿದಂತೆ ಬೆಳ್ಳಗಾಗಿತ್ತು. ಸಾಬರು ಜೇಬಿನಿಂದ ಗೆರೆ ಎಳೆಯುವ ಸಣ್ಣ ಬ್ರಷ್ ತೆಗೆದು ಚಾವಣಿಯ ಮೇಲಿಟ್ಟರು.

"ಮುಗೀತ್ರಿ ಅಕ್ಕಾರ. ಸುತ್ತಲಿಂದ ನೋಡಿಕೋತ ಬಂದೆ, ನೆತ್ತಿ ನೋಡಲಿಲ್ಲ. ಇನ್ನೆರಡು ತಿಂಗಳಿತ್ತು. ಸೋತೆ."

ಆಗ ಹರಿಪ್ರಿಯಾ ಆ ಬಿಳುಪಿನ ಮೇಲೆ ಬೆರಳು ಆಡಿಸಿ ಬಾಯಿಗಿಟ್ಟುಕೊಂಡಳು.

"ಉಗುಳು! ಬಣ್ಣ ಅದು, ವಿಷ! ಉಗುಳು!"

"ಬಣ್ಣಲ್ಲಮ್ಮಾ. ಸಂಡಿಗಿ," ಎಂದಳು ಅವಳು.

ಕೆಳಗೆ ಅಂಗಳ ಗುಡಿಸುತ್ತಿದ್ದ ಅತ್ತೆಯ ಕಸಬರಿಗೆಯ ಸದ್ದು ಗಕ್ಕನೆ ನಿಂತಿತು.

ಸಾಬರು ನಿಧಾನಕ್ಕೆ ಒಂದು ಬೆರಳು ಒತ್ತಿ ನಾಲಿಗೆಗೆ ಹಚ್ಚಿಕೊಂಡರು. "ಉಪ್ಪೈತಿ," ಎಂದರು. ಇನ್ನೊಮ್ಮೆ ಹಚ್ಚಿಕೊಂಡು, "ಹುಳಿ ಮಜ್ಜಿಗಿ... ಜೀರಿಗಿನೂ ಐತ್ರಿ," ಎಂದರು. ವಿಷ ಎಂದು ಕೂಗಿದ ನಾನೂ ನೆಕ್ಕಿದೆ. ಅತ್ತೆಯ ಕೈರುಚಿ ಆರು ವರ್ಷದಿಂದ ಗೊತ್ತಿಲ್ಲವೇ?

"ಮಾಳಗಿ ಮ್ಯಾಲೆ ಹಾಕಿದ್ರ ಮಂಗ್ಯಾ ಬರ್ತಾವ," ಅತ್ತೆ ಕೆಳಗಿನಿಂದಲೇ ಶುರುಮಾಡಿದರು. "ಇಲ್ಲಿ ತಗಡು ಕಾದು ಹಂಚಾಗಿರ್ತದ. ಧೋತ್ರಾ ಹಾಸಿ ಹಾಕಿದ್ರ ಸಂಜೀಕ ಕಟಕಟ ಒಣಗಿರ್ತಾವ. ಅರ್ಧಾ ಡಬ್ಬಿ ನಿನ್ನ ತವರಮನಿಗೇ ಕಳಿಸೀನಿ, ದೀಪಾಲಿ."

"ಅತ್ತೆ, ನಿಮ್ಮ ಮೊಣಕಾಲು?"

"ಅದು ಮೆಟ್ಟಲಾ ಹತ್ತಿದ್ರ ನೋಯ್ತದವಾ. ಇದು ಏಣಿ."

ಸಾಬರ ಕಿವಿಗೆ ಇದಾವುದೂ ಬೀಳುತ್ತಿರಲಿಲ್ಲ. ಅವರು ಬಿಳುಪನ್ನೇ ದಿಟ್ಟಿಸುತ್ತಿದ್ದರು. "ಒದ್ದಿ ಹಿಟ್ಟಿನ ನೀರು ಧೋತ್ರದಾಗಿಂದ ಇಳದು ಉಪ್ಪು ಕೂತೈತಿ," ಎಂದು ಗೊಣಗಿದರು. ಆಮೇಲೆ ತಟ್ಟನೆ ಎದ್ದು, "ಉಪ್ಪು ತಿಂದಾಂವ ನೀರು ಕುಡೀಬೇಕ್ರಿ! ನೀರು ತರ್ರಿ!" ಎಂದರು. ಹೆಗಲ ಚೀಲದಲ್ಲಿದ್ದ ಆರು ಪೊಟ್ಟಣ ಓಆರ್‌ಎಸ್ ಅಲುಗಿಸುತ್ತ ನಾನು ಏಣಿ ಇಳಿಯುವಷ್ಟರಲ್ಲಿ ಅವರೇ ತಡೆದರು. ಕಾದ ತಗಡಿಗೆ ತಣ್ಣೀರು ಬಿದ್ದರೆ ಕಲೆ ಇನ್ನೂ ಗಟ್ಟಿಯಾಗುತ್ತದಂತೆ. ಗಾಡಿಯನ್ನು ಬೇವಿನ ನೆರಳಿಗೆ ತಂದೆವು. ಅದು ಆರಲು ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆ ಸಾಬರು ಕೂರಲಿಲ್ಲ, ಚಹಾ ಮುಟ್ಟಲಿಲ್ಲ. ಹೆರಿಗೆ ಕೋಣೆಯ ಹೊರಗಿನ ಗಂಡಸಿನಂತೆ ಗಾಡಿ ಸುತ್ತುತ್ತಿದ್ದರು.

ಕೊನೆಗೆ ಏರಿ, ನೀರು ಹನಿಸಿ ನೆನೆಸಿ, ಮೆತ್ತನೆಯ ಹತ್ತಿ ಬಟ್ಟೆಯಿಂದ ಒತ್ತಿ ತೆಗೆದರು. ಮೊದಲ ಬಟ್ಟೆ ಬೆಳ್ಳಗಾಯಿತು. ಎರಡನೆಯದೂ ಬೆಳ್ಳಗಾಯಿತು. ಮೂರನೆಯ ಬಟ್ಟೆಯ ಕೆಳಗಿನಿಂದ, ಸ್ವಲ್ಪ ಮಂಕಾಗಿ, ಕೆಂಪು ಇಣುಕಿತು. ಮೇಣ ತಿಕ್ಕಿದಾಗ ಮಂಕೂ ಹೋಯಿತು. ಧೋತರ ಹಾರದಂತೆ ಅತ್ತೆ ಇಟ್ಟಿದ್ದ ಕಲ್ಲುಗಳ ನಾಲ್ಕು ಗೀರು ಮಾತ್ರ ಉಳಿದವು.

"ಬಿಸಲಲ್ರೀ!" ಸಾಬರು ಚಾವಣಿಯ ಮೇಲೆ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದರು. "ಬಿಸಲಲ್ಲ, ಉಪ್ಪು!"

"ಹಂಗಾರ ನಂದೇನೂ ತಪ್ಪಿಲ್ಲಲ್ಲಾ ಸಾಬರ?" ಎಂದರು ಅತ್ತೆ, ಮೆಲ್ಲಗೆ.

"ನಿಮ್ದ ತಪ್ಪು ಅವ್ವಾರ! ಪೂರಾ ನಿಮ್ದ!" ಸಾಬರ ಕಣ್ಣಲ್ಲಿ ನೀರಿತ್ತು. "ದೇವರು ನಿಮ್ಮನ್ನ ಛಲೋ ಇಟ್ಟಿರಲಿ."

ಬ್ರಷ್ ಎತ್ತಿ ಜೇಬಿಗೆ ಹಾಕಿಕೊಂಡರು. ಗೀರು ಮುಚ್ಚಲು ಮುಂದಿನ ವಾರ ಬಂದರು. ಅತ್ತೆಗೆ ಮಾಳಿಗೆಯ ಮೇಲೆ ಜಾಲರಿಯ ಪಂಜರವೊಂದನ್ನು ಹೇಮಂತ ಮಾಡಿಸಿಕೊಟ್ಟ. ಮಂಗಗಳು ಈಗ ಹೊರಗೆ ಕುಳಿತು ನೋಡುತ್ತವೆ. ಜೂನ್ ಮೊದಲ ವಾರ ಮಳೆ ಹಿಡಿಯಿತು. ಆ ದಿನ ಸಾಬರು ರಾಣೆಬೆನ್ನೂರಿನಿಂದ ಬಸ್ಸು ಹತ್ತಿ ಬಂದು, ಕೊಡೆ ಹಿಡಿಯದೆ, ಕೆಂಪಗೆ ತೊಯ್ಯುತ್ತಿದ್ದ ಗಾಡಿಯ ಮುಂದೆ ಸುಮ್ಮನೆ ಹತ್ತು ನಿಮಿಷ ನಿಂತರು. ಶೀತವಾದೀತೆಂದು ನಾನು ಟವೆಲ್ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದೆ.

ಈಗ ಸಾಬರ ಶೆಡ್ಡಿನಲ್ಲಿ ಕೆಂಪು ಖಾಲಿಯಾಗುವುದಿಲ್ಲ. ಆದರೆ ಕೆಂಪು ಕೇಳಿ ಬಂದವರನ್ನು ಮೊದಲು ಸ್ಟೂಲಿನ ಮೇಲೆ ಕೂರಿಸಿ, ಗಾಡಿ ಎಲ್ಲಿ ನಿಲ್ಲಿಸುತ್ತೀರಿ, ನೆರಳು ಯಾವ ಮರದ್ದು ಎಂದೆಲ್ಲ ಕೇಳುತ್ತಾರೆ. ಹೋದ ವಾರ ಹೊಸದಾಗಿ ಮದುವೆಯಾದ ಹುಡುಗನೊಬ್ಬ ತನ್ನ ಜೀಪಿಗೆ ಕೆಂಪು ಹೊಡೆಸಬೇಕೆಂದು ಬಂದಿದ್ದನಂತೆ. ಎಲ್ಲದಕ್ಕೂ ಸರಿಯಾಗಿ ಉತ್ತರ ಕೊಟ್ಟ. ಸಾಬರಿಗೆ ಸಮಾಧಾನವಾಗಲಿಲ್ಲ.

"ಅದೆಲ್ಲಾ ಖರೇ ತಮ್ಮಾ," ಎಂದರಂತೆ. "ಮನ್ಯಾಗ ಸಂಡಿಗಿ ಹಾಕೂವ್ರು ಯಾರ್ಯಾರು ಅದಾರ, ಅದನ್ನ ಹೇಳು."