ಚಪ್ಪಲಿ ಬಿಟ್ಟು ಒಳಗ ಬರ್ರಿ

‘ಆಲಯ’ ಎಂಬ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ನನ್ನ ತಲೆ ಬಿಸಿಯಾಗುತ್ತದೆ. ದೇವಾಲಯದ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟೆಲ್ಲ ಪ್ರಯೋಗಾಲಯದ ಮೇಲೆ. ಎಪ್ಪತ್ತರ ದಶಕದಲ್ಲಿ ಕಟಕೋಳದ ಆಚೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರನಾಗಿದ್ದೆ. ಅಲ್ಲಿ ಪ್ರಯೋಗಾಲಯ ಕಟ್ಟಿದ ಪುಣ್ಯಾತ್ಮರು ಪ್ರಯೋಗವನ್ನು ಮರೆತು ಆಲಯವನ್ನಷ್ಟೇ ಕಟ್ಟಿದ್ದರು.

ಕಳ್ಳರ ಭಯಕ್ಕೆ ಕಿಟಕಿಗಳು ಆಳೆತ್ತರಕ್ಕಿಂತ ಮೇಲೆ. ಒಳಗೆ ಮಧ್ಯಾಹ್ನವೂ ಕತ್ತಲು. ನಲ್ಲಿಗಳು ಆರು, ಅವಕ್ಕೆ ನೀರು ತರುವ ಪೈಪು ಒಂದೂ ಇಲ್ಲ. ಮೇಜಿನ ಎತ್ತರವೋ, ಹುಡುಗಿಯರಿಗೆ ಅದರ ಅಂಚಷ್ಟೇ ಕಾಣುತ್ತಿತ್ತು. ಸಿಪಾಯಿ ಬಸಪ್ಪ ಬಾಗಿಲಲ್ಲಿ ನಿಂತು, “ಚಪ್ಪಲಿ ಬಿಟ್ಟು ಒಳಗ ಬರ್ರಿ” ಎನ್ನುತ್ತಿದ್ದ. ಆ್ಯಸಿಡ್ ಇಟ್ಟ ಕೋಣೆಗೆ ಬರಿಗಾಲು! ಕಪಾಟಿಗೆ ದಿನಾ ಊದಿನಕಡ್ಡಿ ಬೇರೆ. ಒಳಗೆ ಬಿಡುತ್ತಿದ್ದದ್ದು ಅಪರೂಪಕ್ಕೆ, ಅದೂ ದರ್ಶನಕ್ಕಷ್ಟೇ; ಕೋಣೆಯ, ಕಪಾಟಿನ ಬೀಗದ ಕೈ ಹೆಡ್‌ಮಾಸ್ತರರ ಕೋಟಿನ ಒಳಜೇಬಿನಲ್ಲಿ.

ನಾನು ಅವರಲ್ಲಿ ಗೋಗರೆದೆ. “ಸರ್, ಪಡಸಾಲ್ಯಾಗ ಎರಡು ಬೆಂಚು ಹಾಕ್ತೇನ್ರಿ. ಬೆಳಕೈತಿ, ಗಾಳಿ ಐತಿ. ಒಂದು ಗಡಿಗಿಗೆ ನಲ್ಲಿ ಹಚ್ಚಿದ್ರ ನೀರಾತು. ಬಾಟ್ಲಿ ತೊಳದ ನೀರು ಗಿಡಕ್ಕ ಹೋಗ್ತೈತಿ.”

“ಗಾಜಿನ ಸಾಮಾನ ಒಡದ್ರ?”

“ಒಡೀಲಿ ಬಿಡ್ರಿ, ಕಲೀತಾರ.”

“ಮತ್ತ ಇನ್ಸ್‌ಪೆಕ್ಟರ್ ಬಂದಾಗ ಏನ ತೋರ್ಸೂದು, ಚೂರು?”

ಈ ವಾದದ ಎದುರು ನನ್ನ ಬಿಎಸ್ಸಿ ಸೋತಿತು.

ಹೀಗಾಗಿ ಹತ್ತನೆಯ ತರಗತಿಯ ಮಕ್ಕಳು ಪ್ರಯೋಗಗಳನ್ನು ಬಾಯಿಪಾಠ ಮಾಡಿದರು. ನಾನೂ ನಾಚಿಕೆಯಿಲ್ಲದೆ ಹಲಗೆಯ ಮೇಲೆ ಸೀಮೆಸುಣ್ಣದಲ್ಲೇ ಆಮ್ಲ ಸುರಿದೆ. ಪರೀಕ್ಷೆ ಮುಗಿದರೆ ಹೆಚ್ಚಿನ ಹುಡುಗಿಯರಿಗೆ ಮದುವೆ. ಈಗ ಮುಟ್ಟದಿದ್ದರೆ ಈ ಜನ್ಮದಲ್ಲಿ ಒಂದು ಪ್ರನಾಳವನ್ನೂ ಮುಟ್ಟುವುದಿಲ್ಲವಲ್ಲ ಎಂಬ ಚಿಂತೆ ನನಗೆ.

ಕೊನೆಗೆ ಇನ್ಸ್‌ಪೆಕ್ಟರ್ ಬಂದರು, ಆಲಯದ ಬಾಗಿಲು ತೆರೆಯಿತು. ಒಳಗೆ ನಿಂತ ಮಕ್ಕಳಲ್ಲಿ ಗಂಗವ್ವ ಎಂಬವಳನ್ನು ಅವರು ಕೇಳಿದರು: “ನೀಲಿ ಲಿಟ್ಮಸ್ ಕಾಗದ ಆಮ್ಲದಾಗ ಅದ್ದಿದ್ರ ಏನಾಗ್ತೈತಿ?”

“ಪುಸ್ತಕದಾಗ ಕೆಂಪ ಆಗ್ತೈತ್ರಿ. ನಮ್ಮ ಸಾಲ್ಯಾಗ ಏನಾಗ್ತೈತೋ ಗೊತ್ತಿಲ್ರಿ.”

ಹೆಡ್‌ಮಾಸ್ತರರ ಮುಖ ಬಿಳಿಚಿತು. ಇನ್ಸ್‌ಪೆಕ್ಟರ್ ಏನೂ ಬೈಯಲಿಲ್ಲ; ಬೀಗದ ಕೈಯನ್ನು ಕೇಳಿ ಪಡೆದು ನನ್ನ ಕೈಗಿಟ್ಟರು.

ಮರುದಿನವೇ ಪಡಸಾಲೆಯಲ್ಲಿ ಬೆಂಚು ಬಿದ್ದವು. ಗಂಗವ್ವ ಕಾಗದ ಅದ್ದಿದಳು. ಕೆಂಪಾದದ್ದನ್ನು ಬಿಸಿಲಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, “ನೀವು ಹೇಳಿದ್ದು ಖರೇನ ಐತ್ರಿ ಸರ್” ಎಂದಳು.

ಅಂದರೆ, ವರ್ಷವಿಡೀ ನಾನು ಗಂಟಲು ಹರಿದುಕೊಂಡದ್ದನ್ನು ಈ ಹುಡುಗಿ ನಂಬಿಯೇ ಇರಲಿಲ್ಲ! ಮೈಯೆಲ್ಲ ಉರಿಯಿತು. ಆಮೇಲೆ ಹೊಳೆಯಿತು: ಇಡೀ ಶಾಲೆಯಲ್ಲಿ ವಿಜ್ಞಾನ ಗೊತ್ತಿದ್ದದ್ದು ಅವಳೊಬ್ಬಳಿಗೇ.