ಮೊದಲು ಗುರುವನ್ನು ಕೆಡವಿ

ಮೊನ್ನೆ ಖಾನಾಪುರದ ರಸ್ತೆಯಲ್ಲಿ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರ್ ಒಂದು ನನ್ನ ಮೂಗಿನ ಮುಂದೆಯೇ ಹಾದುಹೋಯಿತು. ಆ ವಾಸನೆಗೆ ನಿಮಗೆ ಸುಗ್ಗಿ ನೆನಪಾಗಬಹುದು. ನನಗೆ ಮೈಕೈ ನೋವು ನೆನಪಾಗುತ್ತದೆ. ಎಂಬತ್ತರ ದಶಕದಲ್ಲಿ ಐಕಿಡೊ ಎಂಬ ಜಪಾನಿ ಸಮರಕಲೆಯ ನಮ್ಮ ಬೆಳಗಾವಿ ಕ್ಲಬ್ಬು ನಡೆದದ್ದೇ ಹುಲ್ಲಿನ ಮೇಲೆ. ಜಾಂಬೋಟಿ ಕಡೆಯ ಹುಲ್ಲನ್ನು ಗೋಣಿಚೀಲಕ್ಕೆ ತುಂಬಿ, ಮೇಲೆ ತಾಡಪತ್ರಿ ಬಿಗಿದು, ಮುಚ್ಚಿಹೋದ ಅಕ್ಕಿ ಗಿರಣಿಯಲ್ಲಿ ನಾವೊಂದು ಜಪಾನ್ ಮಾಡಿಕೊಂಡಿದ್ದೆವು. ಈಗ ಅಲ್ಲಿ ಕಲಿಸುವವಳು ನಾನೇ. ಆದರೆ ಹೋಗದೆ ಒಂದು ತಿಂಗಳಾಗಿತ್ತು. ಹೊಸ ಹುಡುಗಿಯೊಬ್ಬಳು ಕೆಡವಿದಾಗ ಈ ವಯಸ್ಸಿನ ಮೈ ಉರುಳದೆ ದೊಪ್ಪೆಂದು ಬಿದ್ದಿದ್ದೆ. ಎಬ್ಬಿಸಲು ಇಬ್ಬರು ಬೇಕಾಯಿತು. ಪೆಟ್ಟೇನೂ ಆಗಲಿಲ್ಲ, ಮಾನ ಹೋಯಿತು. ಮಂಡಿ ನೋವೆಂದು ಸುಳ್ಳು ಹೇಳಿ ಮನೆಯಲ್ಲಿ ಕುಳಿತಿದ್ದೆ.

ಹೊಸಬರು ಮೊದಲ ದಿನ ಗುರುವನ್ನೇ ಕೆಡವಬೇಕೆಂಬುದು ಕ್ಲಬ್ಬು ಕಟ್ಟಿದ ನಮ್ಮ ಸರ್ ಹಾಕಿಕೊಟ್ಟ ಪದ್ಧತಿ. ಹಗಲು ಅವರಿಗೆ ಬ್ಯಾಂಕಿನಲ್ಲಿ ನೌಕರಿ; ಮುಂಬೈಯಲ್ಲಿ ಕಲಿತು ಬಂದ ಈ ವಿದ್ಯೆ ಸಂಜೆಗೆ. "ನಾ ಬಿದ್ದದ್ದು ನೋಡಿದ್ರ ನಿಮಗ ಬೀಳಾಕ ನಾಚಿಕಿ ಆಗೂದಿಲ್ರಿ" ಎನ್ನುತ್ತಿದ್ದರು. ಕಾಲೇಜು ಹುಡುಗಿಯಾಗಿದ್ದ ನಾನು ಅವರನ್ನು ಕೆಡವಿ, ಗಾಬರಿಯಿಂದ ನೀರು ತರಲು ಓಡಿದ್ದೆ.

ನಾನು ಅಲ್ಲಿ ಬೀಳುವುದನ್ನು ಕಲಿಯುತ್ತಿರುವ ಸುದ್ದಿ ಖಾನಾಪುರದ ನನ್ನ ಕಾಕಾನಿಗೆ ಮುಟ್ಟಿತು. ಕಾಕಾ ಹಳೆಯ ಪೈಲ್ವಾನ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿದರೆ ಮುಗಿಯಿತು. ಒಮ್ಮೆ ಊರವರೆದುರು ಹಾಗೆ ಸೋತ ಮೇಲೆ ಅವನು ಮತ್ತೆ ಕಣಕ್ಕೆ ಇಳಿದಿರಲಿಲ್ಲ. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಒಂದು ಭಾನುವಾರ ರೈಲು ಹತ್ತಿ ಬಂದವನೇ ಗಿರಣಿಯ ಬಾಗಿಲಲ್ಲಿ ಗುಡುಗಿದ: "ನಮ್ಮ ಮನಿ ಹುಡುಗಿ ದಿನಾ ಬೀಳಾಕ ಬರ್ತಾಳೇನು? ನಡಿ ಮನಿಗೆ!"

ನನಗೆ ಅಳುವೇ ಬಂತು. ಸರ್ ಕೈಮುಗಿದರು.

"ಕರಕೊಂಡು ಹೋಗ್ರಿ ಕಾಕಾ. ಆದ್ರ ಹೊಸಬರು ಮೊದಲ ನನ್ನ ಕೆಡವಬೇಕು. ಇಲ್ಲೆ ಪದ್ಧತಿ ಐತಿ."

ಕಾಕಾ ಬಿಡುವವನೇ? ಚಪ್ಪಲಿ ಕಳಚಿ ಬಂದು ಸರ್ ಅವರನ್ನು ಎತ್ತಿ ಒಗೆದ. ಅವರು ಭುಜದ ಮೇಲೆ ಉರುಳಿ ಎದ್ದು ನಿಂತರು. ಮತ್ತೆ ಒಗೆದ, ಮತ್ತೆ ಎದ್ದರು. ಕೊನೆಗೆ ಏದುಸಿರು ಬಿಡುತ್ತ ಕಾಕಾ ನಕ್ಕುಬಿಟ್ಟ. "ಈ ಮಾಸ್ತರ ಬೀಳೂದರಾಗ ಪೈಲ್ವಾನ ಅದಾರ!"

ಆಮೇಲೆ ತಾಡಪತ್ರಿಯ ಮೇಲೆ ಕುಳಿತು ಮೆಲ್ಲಗೆ ಹೇಳಿದ: "ಬಿದ್ದ ಮ್ಯಾಲೂ ಹಿಂಗ ಏಳಾಕ ಬರ್ತೈತಿ ಅಂತ ನನಗ ಯಾರೂ ಹೇಳಲಿಲ್ಲವಾ." ನನ್ನನ್ನು ಕರೆದೊಯ್ಯುವ ಮಾತು ಅಲ್ಲಿಗೇ ನಿಂತಿತು.

ಕಾಕಾನಿಗೆ ಹೇಳುವವರಿರಲಿಲ್ಲ. ನನಗೆ ಹೇಳಿದವರೂ ಇದ್ದರು, ಬಿದ್ದು ತೋರಿಸಿದವರೂ ಇದ್ದರು. ಆದರೂ ಮನೆ ಹಿಡಿದು ಕುಳಿತಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಹುಲ್ಲಿನ ಟ್ರ್ಯಾಕ್ಟರ್ ಕಂಡ ಆ ಸಂಜೆಯೇ ಕ್ಲಬ್ಬಿಗೆ ಹೋದೆ. ನನ್ನನ್ನು ಕೆಡವಿದ ಹುಡುಗಿ ಮೂಲೆ ಸೇರಿ, "ಬ್ಯಾಡ್ರಿ ಮೇಡಂ" ಎಂದಳು. ನಾನು ಬಿದ್ದ ದಿನದಿಂದ ಅವಳೂ ಉರುಳುವುದಕ್ಕೆ ಹೆದರಿ ಬರೀ ನೋಡುತ್ತ ಕೂರುತ್ತಿದ್ದಳಂತೆ.

"ಕೆಡವವಾ" ಎಂದೆ.

ಬಿದ್ದೆ. ಯಾರನ್ನೂ ಹತ್ತಿರ ಬರಗೊಡಲಿಲ್ಲ. ಪಕ್ಕಕ್ಕೆ ಹೊರಳಿ, ಒಂದು ಮಂಡಿ ಊರಿ, ಸಾವಕಾಶವಾಗಿ ಎದ್ದು ನಿಂತೆ.

ಹುಡುಗಿ ದುಪಟ್ಟಾ ಸೊಂಟಕ್ಕೆ ಬಿಗಿದುಕೊಂಡಳು. "ಈಗ ನನ್ನ ಕೆಡವ್ರಿ."